ಬ್ಲ್ಯಾಂಕ್ ನಾಯ್ಸ್

ಬೀದಿ, ಬಸ್ಸು, ಉದ್ಯಾನಗಳಲ್ಲಿ ಮಹಿಳೆಯರ ಮೇಲೆ ನಡೆಯುವ ಲೈಂಗಿಕ ಕಿರುಕುಳ, ದೌರ್ಜನ್ಯಗಳ ವಿರುದ್ಧ ಜನಜಾಗೃತಿ ಮೂಡಿಸುವ ಸಮುದಾಯ ಕಲಾ ಯೋಜನೆ. 2003ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯಲ್ಲಿ ಕಲಿಯುತ್ತಿದ್ದ ಜಸ್ಮೀನ್ ಪಥೇಜಾ ಇದನ್ನು ಆರಂಭಿಸಿದರು. ನೊಂದವಳ ಉಡುಪನ್ನೇ ದೂರುವ ಸಮಾಜದ ಚಾಳಿ ಮೊದಲ ಗಾಯದ ಮೇಲೆ ಎಳೆಯುವ ಎರಡನೆಯ ಬರೆ. ಇದನ್ನು ಪ್ರಶ್ನಿಸಲು, ದೌರ್ಜನ್ಯಕ್ಕೆ ಒಳಗಾದಾಗ ತಾವು ತೊಟ್ಟಿದ್ದ ಬಟ್ಟೆಗಳನ್ನು ನೀಡುವಂತೆ ಮಹಿಳೆಯರನ್ನು ಕೋರಿ, ಅವನ್ನು ‘ಐ ನೆವರ್ ಆಸ್ಕ್ ಫಾರ್ ಇಟ್’ ಹೆಸರಿನಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸಲಾಗುತ್ತದೆ. ಹೆಣ್ಣುಮಕ್ಕಳು ಓಡಾಡಲು ಅಂಜುತ್ತಿದ್ದ ಯಲಹಂಕದ ರಸ್ತೆಯೊಂದರಲ್ಲಿ ಮೇಜು–ಕುರ್ಚಿ ಹಾಕಿ, ಅಪರಿಚಿತರೊಡನೆ ಚಹಾ ಕುಡಿಯುತ್ತ ಮಾತುಕತೆಯನ್ನೂ ನಡೆಸಲಾಯಿತು. ಮಹಿಳೆಯರು ಉದ್ಯಾನಗಳಲ್ಲಿ ಒಟ್ಟುಗೂಡಿ ನಿದ್ರಿಸುವ ‘ಮೀಟ್ ಟು ಸ್ಲೀಪ್’ ಭಾರತದ ಹಲವು ನಗರಗಳಲ್ಲಲ್ಲದೆ ಪಾಕಿಸ್ತಾನದಲ್ಲೂ ನಡೆದಿದೆ; ಬಯಲಿನಲ್ಲಿ ನಿರ್ಭಯವಾಗಿ ಕಣ್ಣುಮುಚ್ಚುವುದು ಹೆಣ್ಣಿನ ಹಕ್ಕು ಎಂಬುದು ಅದರ ನಿಲುವು.