ಅವಕೆಂಪು ಬೆಳಕೂ ಕೊಡಗಿನ ಹಸುರೂ

ಕಣ್ಣಿಗೆ ಗೋಚರವಾಗುವುದಷ್ಟೇ ಬೆಳಕೆಂದು ಜನರು ಬಹುಕಾಲ ನಂಬಿದ್ದರು. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದು ತರ್ಕಶಾಸ್ತ್ರದ ಮೊದಲ ಪಾಠವಷ್ಟೆ. ಆ ಅನುಮಾನಪ್ರಮಾಣದಿಂದಲೇ ಕಾಣದ ಬೆಳಕೊಂದು ಮನುಷ್ಯನ ಅರಿವಿಗೆ ಬಂದಿತು. ಇಂದು ಅದೇ ಬೆಳಕು ಅಂಗೈಯಗಲದ ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರವಾಗಿ ಮೂಡುತ್ತದೆ. ಇದರ ಚರಿತ್ರೆಯು ಕುತೂಹಲಕರವಾದುದು ಮಾತ್ರವಲ್ಲ, ಕೊಡಗಿನಂತಹ ಕಾಡುನಾಡಿನವರು ಅವಶ್ಯವಾಗಿ ತಿಳಿಯಬೇಕಾದುದೂ ಅಹುದು.

ಕಕ್ಕಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ತಪ್ಪಲಲ್ಲಿ, ದೊಡ್ಡ ವೀರರಾಜೇಂದ್ರನು ನಾಲ್ಕುನಾಡು ಅರಮನೆಯನ್ನು ಕಟ್ಟಿಸಿದುದು ೧೭೯೦ರ ದಶಕದಲ್ಲಿ. ಆ ದಶಕವು ಕಳೆದೊಡನೆಯೇ, ೧೮೦೦ರಲ್ಲಿ, ಇಂಗ್ಲೆಂಡಿನಲ್ಲಿ ನೆಲೆಸಿದ್ದ ಜ್ಯೋತಿರ್ವಿದ ವಿಲಿಯಂ ಹರ್ಷೆಲನು ಸೂರ್ಯಕಿರಣವನ್ನು ಗಾಜಿನ ಪಟ್ಟಕದ ಮೂಲಕ ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದ ಶಾಖವನ್ನು ಉಷ್ಣಮಾಪಕದಿಂದ ಅಳೆಯುತ್ತಿದ್ದನು. ಕೆಂಪಿನ ಆಚೆಗೆ, ಯಾವ ಬಣ್ಣವೂ ಇಲ್ಲದ ಕಡೆಯಲ್ಲಿ ಇಟ್ಟ ಮಾಪಕದಲ್ಲಿ ಪಾದರಸವು ಇನ್ನೂ ಮೇಲಕ್ಕೇರಿತು. ಅಲ್ಲಿ ಅಗೋಚರವಾದ ಕಿರಣಗಳಿರಬೇಕೆಂದು ಆತನು ನಿರ್ಣಯಿಸಿದನು. ಮುಂದೆ ಇವಕ್ಕೆ ಇನ್ಫ್ರಾರೆಡ್, ಎಂದರೆ ಅವಕೆಂಪು, ಎಂಬ ಹೆಸರು ನಿಂತಿತು.

ಅನುಮಾನದಿಂದ ತಿಳಿದುದನ್ನು ಪ್ರತ್ಯಕ್ಷಗೊಳಿಸಲು ಒಂದು ಶತಮಾನವೇ ಹಿಡಿಯಿತು. ೧೮೮೦ರಲ್ಲಿ ವಿಲಿಯಂ ಅಬ್ನಿಯು ಈ ಕಿರಣಗಳನ್ನು ಗ್ರಹಿಸುವ ಲೇಪವನ್ನು ಸಿದ್ಧಪಡಿಸಿ ಸೂರ್ಯವರ್ಣಪಟಲದ ಈ ಭಾಗವನ್ನು ಚಿತ್ರಿಸಿದನು. ಪ್ರಕೃತಿದೃಶ್ಯಗಳ ಅವಕೆಂಪು ಚಿತ್ರಗಳನ್ನು ೧೯೧೦ರಲ್ಲಿ ಲೋಕದ ಮುಂದಿಟ್ಟವನು ಅಮೇರಿಕದ ರಾಬರ್ಟ್ ವುಡ್. ಆ ಚಿತ್ರಗಳಲ್ಲಿ ಆಕಾಶವು ಕಾಡಿಗೆಯಂತೆ ಕಪ್ಪು. ಗಿಡಮರಗಳು ಹಿಮ ಸುರಿದಂತೆ ಬಿಳುಪು. ಎಲೆಯ ಪತ್ರಹರಿತ್ತು ಕೆಂಪನ್ನೂ ನೀಲಿಯನ್ನೂ ಹೀರಿಕೊಂಡು, ಹಸುರಿನ ಸ್ವಲ್ಪಾಂಶವನ್ನು ಮಾತ್ರ ಹಿಂದಿರುಗಿಸುತ್ತದೆ. ಅವಕೆಂಪನ್ನಾದರೋ ಅದು ಮುಟ್ಟುವುದಿಲ್ಲ. ಆ ಕಿರಣಗಳು ಎಲೆಯ ಒಳಗಿನ ಜೀವಕೋಶಗಳ ಗೋಡೆಗಳಿಗೂ ಅವುಗಳ ನಡುವಣ ಗಾಳಿಗೂ ಸಿಕ್ಕಿ ಚದುರಿ, ಸುಮಾರು ಅರ್ಧದಷ್ಟು ಹೊರಕ್ಕೆ ಮರಳುತ್ತವೆ. ಎಲೆಯು ರೋಗದಿಂದ ಸೊರಗಿ ಒಳರಚನೆ ಕೆಟ್ಟಾಗ ಈ ಪ್ರತಿಫಲನವು ಕುಗ್ಗುವುದು.

ಭಾರತದಲ್ಲಿ ಈ ಗುಣದ ಪ್ರಯೋಜನವನ್ನು ಪಡೆದವರಲ್ಲಿ ಪಿ. ಆರ್. ಪಿಷಾರೋಟಿಯವರು ಅಗ್ರಗಣ್ಯರು. ೧೯೭೦ರಲ್ಲಿ ಅವರ ಮುಂದಾಳುತನದಲ್ಲಿ ಹೆಲಿಕಾಪ್ಟರಿನಿಂದ ಕೇರಳದ ತೆಂಗಿನ ತೋಟಗಳ ಅವಕೆಂಪು ಚಿತ್ರಗಳನ್ನು ತೆಗೆದು, ಬೇರುಸೊರಗು ರೋಗವನ್ನು ಪತ್ತೆಹಚ್ಚಲಾಯಿತು. ದೂರಸಂವೇದನೆಯೆಂಬ ವಿದ್ಯೆಗೆ ಈ ದೇಶದಲ್ಲಿ ಅದೇ ನಾಂದಿ. ಬಳಿಕ ೧೯೮೮ರ ಮಾರ್ಚ್ ೧೭ರಂದು, ಬೆಂಗಳೂರಿನಲ್ಲಿ ರೂಪುಗೊಂಡ ಐ.ಆರ್.ಎಸ್.-೧ಎ ಉಪಗ್ರಹವು ಬೈಕನೂರಿನಿಂದ ನಭಕ್ಕೇರಿತು. ಅದರ ಕ್ಯಾಮೆರಾಗಳು ಗ್ರಹಿಸುತ್ತಿದ್ದ ನಾಲ್ಕು ಬೆಳಕಿನ ಪಟ್ಟಿಗಳಲ್ಲಿ ಒಂದು ಅವಕೆಂಪಿನದಾಗಿತ್ತು.

ಉಪಗ್ರಹಕ್ಕೆ ದೊರೆತ ಈ ಕಣ್ಣು ಸಾಮಾನ್ಯ ಗೃಹಸ್ಥನ ಕೈಗೂ ಬಂದುದು ಅಚ್ಚರಿಯ ಸಂಗತಿ. ಬೆಳಕನ್ನು ವಿದ್ಯುತ್ತಾಗಿಸುವ ಸಿ.ಸಿ.ಡಿ. ಎಂಬ ಸಿಲಿಕಾನ್ ಸಾಧನವನ್ನು ೧೯೬೯ರಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬವರು ಕಲ್ಪಿಸಿದರು. ಮನುಷ್ಯನ ಕಣ್ಣು ಸುಮಾರು ೭೦೦ ನ್ಯಾನೋಮೀಟರಿಗೆ ಸೋತರೆ, ಸಿಲಿಕಾನು ೧,೦೦೦ವನ್ನೂ ದಾಟಿ ಕಾಣಬಲ್ಲುದು. ಇದರಿಂದ ಬಣ್ಣಗಳು ಕೆಡುವುವೆಂದು ತಯಾರಕರು ಅದರ ಮುಂದೆ ಅವಕೆಂಪನ್ನು ತಡೆಯುವ ಗಾಜೊಂದನ್ನು ಇಟ್ಟರು. ಆದರೂ ಅನೇಕ ಕ್ಯಾಮೆರಾಗಳಲ್ಲಿ ಸ್ವಲ್ಪ ಬೆಳಕು ನುಸುಳುತ್ತದೆ. ಟೆಲಿವಿಷನ್ನಿನ ರಿಮೋಟನ್ನು ಕ್ಯಾಮೆರಾಕ್ಕೆ ಹಿಡಿದು ಗುಂಡಿಯನ್ನೊತ್ತಿದಾಗ ತೆರೆಯ ಮೇಲೆ ಚುಕ್ಕೆಯೊಂದು ಮಿನುಗಿದರೆ ಅದೇ ಸಾಕ್ಷಿ. ಮಸೂರದ ಮುಂದೆ ೭೨೦ ನ್ಯಾನೋಮೀಟರಿನ ಕರಿಶೋಧಕವನ್ನು ಇಟ್ಟು, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಬಿಸಿಲಿನಲ್ಲಿ ಕೆಲವು ಸೆಕೆಂಡುಗಳ ಕಾಲ ತೆರೆದಿಟ್ಟರೆ ವುಡ್ಡನ ಬಿಳಿಯ ಕಾಡು ಮೂಡುವುದು. ಗಾಳಿಗೆ ಅಲುಗಿದ ಎಲೆ ಮಾತ್ರ ಮಸುಕಾಗುವುದು. ತಡೆಗಾಜನ್ನು ತೆಗೆಸಿದ ಕ್ಯಾಮೆರಾಕ್ಕೆ ಇಷ್ಟು ದೀರ್ಘಕಾಲವೂ ಬೇಡ.

ಕಕ್ಕಬೆಯಲ್ಲಿ ಇದಕ್ಕೆ ಮಳೆ ತೀರಿದ ಬಳಿಕದ ನಿರ್ಮಲವಾದ ದಿನಗಳೇ ತಕ್ಕವು. ದೂರದ ಬೆಟ್ಟಗಳನ್ನು ಮರೆಸುವ ತೆಳುನೀಲಿಯ ಮಬ್ಬನ್ನು ಅವಕೆಂಪು ಭೇದಿಸುವುದು. ದಟ್ಟವಾದ ಮಂಜಿನ ಹನಿಗಳಾದರೋ ಆ ಕಿರಣದ ಅಲೆಗಿಂತ ಬಹಳ ದೊಡ್ಡವು. ಅವುಗಳೆದುರು ಅದರ ಆಟ ಸಾಗದು. ತಿಳಿಯಾದ ಹಗಲಿನಲ್ಲಿ ೧,೭೪೮ ಮೀಟರ್ ಎತ್ತರದ ತಡಿಯಂಡಮೋಳಿನ ಕಣಿವೆಗಳು ಬೆಳ್ಳನೆ ಹೊಳೆದಾವು.

ಆದರೆ ಇಲ್ಲಿಯೇ ಎಚ್ಚರವು ಬೇಕು. ಆ ಬಿಳುಪಿನಲ್ಲಿ ಶೋಲೆಯ ಮರವೂ, ಪಾಡಿ ಇಗ್ಗುತ್ತಪ್ಪನ ಸನ್ನಿಧಿಯ ಮರವೂ, ಕಾಫಿಗೆ ನೆರಳು ಕೊಡುವ ತೋಟದ ಮರವೂ ಸಮಾನವಾಗಿ ಬೆಳಗುತ್ತವೆ. ಮೇಲಿನಿಂದ ನೋಡುವ ಉಪಗ್ರಹಕ್ಕೂ ಇದೇ ತೊಡಕು: ಕೊಡಗಿನಲ್ಲಿ ನೆರಳಿನ ಕಾಫಿ ತೋಟವನ್ನು ಸಹಜಾರಣ್ಯದಿಂದ ಬೇರ್ಪಡಿಸುವುದು ತಜ್ಞರಿಗೂ ಕಷ್ಟವಾಗಿದೆ. ಮೇಲಣ ಮರಗಳು ಉಳಿದು, ಅಡಿಯ ಪೊದೆಗಳೂ ಎಳೆಸಸಿಗಳೂ ಅಳಿದು, ಕಾಫಿಯು ಬಂದರೂ ಚಿತ್ರದಲ್ಲಿ ಹಸುರು ಕುಂದಿದಂತೆ ತೋರದು. ಸಾವಿರಕ್ಕೂ ಮಿಕ್ಕಿ ದೇವರಕಾಡುಗಳಿರುವ ನಾಡಿನಲ್ಲಿ ಇದು ಅಲ್ಪವಾದ ವಿಷಯವಲ್ಲ. ಕಾಗದದ ಮೇಲೆ ಕಾಡು ಕ್ಷೇಮವಾಗಿದ್ದು, ನೆಲದ ಮೇಲೆ ಅಂಚಂಚಾಗಿ ತೋಟವಾಗಿ ಹೋಗಬಹುದು.

ತಾರ್ಕಿಕರು ಇಂತಹ ಹೇತುವನ್ನು ಸವ್ಯಭಿಚಾರವೆನ್ನುವರು. ಹೊಗೆಯಿರುವಲ್ಲಿ ಬೆಂಕಿಯುಂಟೆಂಬುದು ನಿಶ್ಚಯ. ಅವಕೆಂಪಿನ ಹೊಳಪಾದರೋ ಸಜೀವವಾದ ಎಲೆಯನ್ನು ಸೂಚಿಸೀತೇ ಹೊರತು, ಕಾಡುಂಟೆಂಬುದನ್ನು ನಿಶ್ಚಯಿಸದು. ಆದುದರಿಂದ ಸಣ್ಣ ಕ್ಯಾಮೆರಾವನ್ನು ಹಿಡಿದು ಹೊರಡುವ ತರುಣರು ಚಿತ್ರದ ಸೊಬಗಿಗೆ ಮರುಳಾಗಿ ಅಲ್ಲಿಯೇ ನಿಲ್ಲದೆ, ಆ ಮರಗಳ ಅಡಿಗೂ ಹೋಗಿ, ಯಾವ ಮರ, ಅದರ ಕೆಳಗೆ ಮೊಳೆತ ಸಸಿ ಯಾವುದು, ದೇವರಕಾಡಿನ ಎಲ್ಲೆ ಎಲ್ಲಿಯದು ಎಂಬುದನ್ನು ಊರಿನ ಹಿರಿಯರಿಂದ ಕೇಳಿ, ತಿಥಿವಾರಗಳೊಡನೆ ಬರೆದಿಡುವುದು ಉತ್ತಮ. ಹಾಗೆ ಬರೆದಿಟ್ಟ ನಾಲ್ಕು ಸಾಲುಗಳಿದ್ದರೆ ಆ ಬಿಳಿಯ ಚಿತ್ರವು ಮುಂದಿನವರಿಗೆ ಪ್ರಮಾಣವಾದೀತು.