ಆರ್ಕಿಡ್ ಮತ್ತು ಅದರ ಮರಿಗಳ ಆರೈಕೆ: ದೇವಿಕೊಪ್ಪದ ಅರೆಮಲೆನಾಡಿನಲ್ಲಿ

ಆರ್ಕಿಡ್ ಕುಟುಂಬದ ಕೆಲವು ಸಸ್ಯಗಳಲ್ಲಿ ಹೂ ಮೂಡಬೇಕಾದ ಗಿಣ್ಣಿನಿಂದ ಹೂವಿನ ಬದಲು ಎಲೆ ಬೇರುಗಳ ಸಹಿತ ಪುಟ್ಟದೊಂದು ಗಿಡವೇ ಹೊರಡುತ್ತದೆ. ತೋಟಗಾರರು ಇದನ್ನು ಮರಿ ಎಂದೋ ಕೇಕಿ ಎಂದೋ ಕರೆಯುತ್ತಾರೆ. ಬಾಳೆಯ ಕಂದು ನೆಲದಿಂದ ಏಳುತ್ತದೆ. ಆರ್ಕಿಡ್ ಮರಿ ತಾಯಿಯ ದಂಟಿನ ಮೇಲೆ, ಗಾಳಿಯಲ್ಲೇ ಬೇರು ಬಿಡುತ್ತದೆ. ಬೀಜದಿಂದ ಹುಟ್ಟಿದ್ದಲ್ಲವಾದ್ದರಿಂದ ಹೂವಿನ ಬಣ್ಣದಲ್ಲಿ, ಗಾತ್ರದಲ್ಲಿ ಅದು ತಾಯಿಯ ತದ್ರೂಪ. ಡೆಂಡ್ರೋಬಿಯಂ, ಫಲನಾಪ್ಸಿಸ್, ಎಪಿಡೆಂಡ್ರಂ ಜಾತಿಗಳಲ್ಲಿ ಮರಿ ಸಾಮಾನ್ಯ. ವಾಂಡಾ ಗಿಡಗಳು ಬುಡದ ಬಳಿ ಮರಿ ಹಾಕುತ್ತವೆ.

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ದೇವಿಕೊಪ್ಪ ಸುತ್ತಲಿನದು ಅರೆಮಲೆನಾಡು. ನವಲಗುಂದ, ಅಣ್ಣಿಗೇರಿಯ ಎರೆನೆಲ ಮುಗಿದು, ಬೇಡ್ತಿ ಹೊಳೆಯ ಜೊತೆಗೆ ಯಲ್ಲಾಪುರದ ಘಟ್ಟದ ಕಡೆ ಇಳಿಯುವ ನಡುವಿನ ಸೀಮೆ. ಇಲ್ಲಿಯದು ತೇಗ, ಮತ್ತಿ, ಹೊನ್ನೆ, ನಂದಿಗಳ ಎಲೆ ಉದುರುವ ಕಾಡು. ಇಂಥ ಕಾಡಿನ ಮರಗಳ ಮೇಲೆ ಬೆಳೆಯುವ ಆರ್ಕಿಡ್‌ಗಳಲ್ಲಿ ಹೆಸರಾದದ್ದು ಸೀತಾಳೆ ದಂಡೆ, ಶಾಸ್ತ್ರೀಯ ಹೆಸರು ರಿಂಕೋಸ್ಟೈಲಿಸ್ ರೆಟೂಸಾ. ಮುಂಗಾರು ಬರುವ ಹೊತ್ತಿಗೆ ನರಿಬಾಲದ ಉದ್ದದ ತಿಳಿಗೆಂಪು ಗೊಂಚಲು ಇಳಿಬಿಡುವ ಈ ಹೂವನ್ನು ಮಲೆನಾಡಿನ ಹೆಂಗಸರು ಮುಡಿಯುತ್ತಾರೆ. ಅಸ್ಸಾಮಿನಲ್ಲಿ ಬಿಹು ಹಬ್ಬಕ್ಕೆ ಮುಡಿಯುವ ಹೂವೂ ಇದೇ. ವಾಂಡಾ ಟೆಸೆಲೇಟಾ, ಏರಿಡಿಸ್ ಮ್ಯಾಕ್ಯುಲೋಸಾ, ಎಲೆ ಕಳಚಿಕೊಂಡ ಬೋಳು ದಂಟಿನ ಮೇಲೆ ಬಿಳಿ ಹೂ ತಳೆಯುವ ಡೆಂಡ್ರೋಬಿಯಂ ಬಾರ್ಬಾಟುಲಂ ಇವೂ ಈ ಬಗೆಯ ಕಾಡಿನವೇ. 1956ರವರೆಗೆ ಧಾರವಾಡ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಆದ್ದರಿಂದ ಈ ಭಾಗದ ಆರ್ಕಿಡ್‌ಗಳ ಹಳೆಯ ವಿವರಣೆ ಬೇಕಾದವರು ಥಿಯೋಡರ್ ಕುಕ್ ಬರೆದ ಮುಂಬೈ ಪ್ರಾಂತ್ಯದ ಸಸ್ಯಸಂಪತ್ತಿನ ಗ್ರಂಥವನ್ನೂ ಸಂತಾಪೌ ಮತ್ತು ಕಪಾಡಿಯಾ ಅವರ 1966ರ ಮುಂಬೈ ಆರ್ಕಿಡ್‌ಗಳ ಗ್ರಂಥವನ್ನೂ ನೋಡಬೇಕಾಗುತ್ತದೆ.

ಹಳ್ಳಿಗಳಲ್ಲಿ ಆರ್ಕಿಡ್‌ಗೆ ಒದಗಿರುವ ದೊಡ್ಡ ಅಪವಾದ ಅದನ್ನು ಬಂದಳಿಕೆ ಎಂದು ತಿಳಿಯುವುದು. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ಆರ್ಕಿಡ್ ತೊಗಟೆಯನ್ನು ಹಿಡಿದು ಕೂರುತ್ತದೆ, ಅಷ್ಟೇ. ನೀರನ್ನು ಮಳೆ ಇಬ್ಬನಿಗಳಿಂದ, ಆಹಾರವನ್ನು ತೊಗಟೆಯ ಸಂದಿನಲ್ಲಿ ಕೊಳೆತ ಎಲೆ ಕಸದಿಂದ ಪಡೆಯುತ್ತದೆ. ಕಲಘಟಗಿ, ಧಾರವಾಡ ಕಡೆಯ ಆಪೂಸು ಮಾವಿನ ತೋಟಗಳಲ್ಲಿ ಮರ ಸ್ವಚ್ಛ ಮಾಡುವ ಹೆಸರಿನಲ್ಲಿ ಇದನ್ನು ಕಿತ್ತೆಸೆಯಲು ಯಾವ ಕಾರಣವೂ ಇಲ್ಲ. ಹಾಗೆಯೇ ಕಾಡಿನಿಂದ ಕಿತ್ತು ಮನೆಗೆ ತರುವುದೂ ಸಲ್ಲದು. ಮೀಸಲು ಅರಣ್ಯದ ಯಾವ ಗಿಡವನ್ನೂ ಅನುಮತಿ ಇಲ್ಲದೆ ತೆಗೆಯುವಂತಿಲ್ಲ. ಆರ್ಕಿಡ್ ಕುಟುಂಬ ಇಡಿಯಾಗಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿದೆ. ಕಾಯಿದೆಯ ಮಾತು ಬಿಟ್ಟರೂ, ಕಿತ್ತ ಗಿಡ ತನ್ನ ಬೇರುಗಳಲ್ಲಿ ಬಹುಪಾಲನ್ನು ತೊಗಟೆಯಲ್ಲೇ ಬಿಟ್ಟು ಬಂದಿರುತ್ತದೆ, ಬದುಕುವುದು ಅಪರೂಪ. ನರ್ಸರಿಯಲ್ಲಿ ಬೆಳೆಸಿದ ಗಿಡವನ್ನೋ ಪರಿಚಿತರ ಮನೆಯ ಮರಿಯನ್ನೋ ತಂದು ಸಾಕುವುದೇ ಸರಿ.

ಬೇರು ಮತ್ತು ನೀರು

ಮರದ ಮೇಲಿನ ಆರ್ಕಿಡ್‌ನ ಬೇರಿಗೆ ವೆಲಾಮೆನ್ ಎಂಬ ಬಿಳಿಯ ಹೊದಿಕೆ ಇರುತ್ತದೆ. ಸತ್ತ ಜೀವಕೋಶಗಳ ಈ ಪದರ ನೀರನ್ನು ಕೂಡಲೇ ಹೀರಿ ಹಿಡಿದುಕೊಳ್ಳುತ್ತದೆ. ಒಣಗಿದಾಗ ಬೇರು ಬೂದು ಬೆಳ್ಳಗೆ, ನೆನೆದಾಗ ಹಸಿರಾಗಿ ಕಾಣುತ್ತದೆ. ನೀರು ಯಾವಾಗ ಹಾಕಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ: ಬೇರು ಬೆಳ್ಳಗಾದ ಮೇಲೆ ಹಾಕಬೇಕು. ಮಣ್ಣು ತುಂಬಿದ ಕುಂಡದಲ್ಲಿ ಈ ಬೇರು ಗಾಳಿ ಸಿಗದೆ ಕೊಳೆಯುತ್ತದೆ. ಕೊಂಡು ತಂದ ಗಿಡಗಳು ಸಾಯುವುದು ಹೆಚ್ಚಾಗಿ ಹೀಗೆ, ಅಕ್ಕರೆಯಿಂದ ಹಾಕಿದ ಮಣ್ಣು ಗೊಬ್ಬರದಲ್ಲೇ.

ಮಣ್ಣಿನ ಬದಲು ಹೆಬ್ಬೆರಳು ಗಾತ್ರದ ಇದ್ದಿಲು, ಹಂಚಿನ ಅಥವಾ ಇಟ್ಟಂಗಿಯ ಚೂರು, ತೆಂಗಿನ ಸಿಪ್ಪೆಯ ತುಂಡು ಸಾಕು. ಸಿಪ್ಪೆಯನ್ನು ಎರಡು ಮೂರು ಸಲ ನೀರು ಬದಲಿಸಿ ನೆನೆಹಾಕಿ ಅದರ ಕಂದು ರಸ ಮತ್ತು ಉಪ್ಪು ತೆಗೆಯಬೇಕು. ಬೋರಿನ ನೀರು ಸವುಳಾಗಿದ್ದರೆ ಬೇರಿನ ತುದಿ ಸುಟ್ಟು ಕಪ್ಪಾಗುತ್ತದೆ. ಮಾಳಿಗೆಯ ಮಳೆನೀರು ಹಿಡಿದಿಟ್ಟುಕೊಂಡರೆ ಒಳ್ಳೆಯದು. ನೀರು ಬೆಳಿಗ್ಗೆಯೇ ಆಗಬೇಕು. ಸಂಜೆ ಹಾಕಿದ್ದು ಸುಳಿಯಲ್ಲಿ ರಾತ್ರಿಯಿಡೀ ನಿಂತು ಕೊಳೆತ ತರುತ್ತದೆ.

ದೇವಿಕೊಪ್ಪದಂಥ ಕಡೆ ವರ್ಷವೆಲ್ಲ ಒಂದೇ ಕ್ರಮ ನಡೆಯುವುದಿಲ್ಲ. ಮಳೆಗಾಲದಲ್ಲಿ ಗಿಡ ತಾನೇ ಬೆಳೆಯುತ್ತದೆ. ಜಡಿಮಳೆಗೆ ನೇರ ಸಿಗದಂತೆ ಸೂರಿನ ಅಂಚಿಗೆ ಸರಿಸಿ, ಬಸವನಹುಳುಗಳನ್ನು ಆರಿಸಿ ತೆಗೆದರೆ ಆಯಿತು. ದೀಪಾವಳಿ ದಾಟಿ ಮೂಡುಗಾಳಿ ಬೀಸತೊಡಗಿದಾಗ ಡೆಂಡ್ರೋಬಿಯಂಗಳು ವಿಶ್ರಾಂತಿಗೆ ಹೋಗುತ್ತವೆ. ಆಗ ನೀರನ್ನು ಕಡಿಮೆ ಮಾಡಬೇಕು, ಗೊಬ್ಬರ ಪೂರ್ತಿ ನಿಲ್ಲಿಸಬೇಕು. ಎಲೆ ಉದುರಿದ ದಂಟನ್ನು ಒಣಗಿತೆಂದು ಕತ್ತರಿಸಬಾರದು. ಗಿಡದ ಆಹಾರ, ನೀರಿನ ದಾಸ್ತಾನು ಇರುವುದು ಅದರಲ್ಲೇ. ಮಾರ್ಚಿನಿಂದ ಮೇವರೆಗಿನ ಬಿಸಿಲಿಗೆ ಅರ್ಧ ಬೆಳಕು ತಡೆಯುವ ಹಸಿರು ಪರದೆ, ಕುಂಡದ ಕೆಳಗೆ ತೇವದ ನೆಲ ಬೇಕು. ಹೊಸದಾಗಿ ಸಾಕುವವರಿಗೆ ಈ ಸೀಮೆಯಲ್ಲಿ ಡೆಂಡ್ರೋಬಿಯಂ ತಕ್ಕದ್ದು. ಫಲನಾಪ್ಸಿಸ್ ಹೂ ಎಷ್ಟು ಚೆಲುವಾದರೂ ಇಲ್ಲಿಯ ಏಪ್ರಿಲ್‌ನ ಒಣ ಹವೆಯನ್ನು ತಾಳಲು ಕಷ್ಟಪಡುತ್ತದೆ.

ಬೆಳೆಯುವ ಹಂಗಾಮಿನಲ್ಲಿ ಮೆಣಸಿನಗಿಡಕ್ಕೆ ಹೊಡೆಯುವ 19:19:19 ಗೊಬ್ಬರವೇ ಸಾಕು, ಲೀಟರಿಗೆ ಅರ್ಧದಿಂದ ಒಂದು ಗ್ರಾಂ, ವಾರಕ್ಕೊಮ್ಮೆ. ಮಾವು, ಅಡಿಕೆಗೆ ಹೊಡೆಯುವ ಬೋರ್ಡೋ ಮುಂತಾದ ತಾಮ್ರದ ಔಷಧಿ ಮಾತ್ರ ಡೆಂಡ್ರೋಬಿಯಂ ಮೇಲೆ ಬೀಳಕೂಡದು. ತಾಮ್ರ ಅದಕ್ಕೆ ವಿಷ.

ಮರಿ ಬಂದಾಗ

ಮರಿ ಕಂಡೊಡನೆ ಸಂತೋಷಪಡುವ ಮೊದಲು ತಾಯಿಯನ್ನು ನೋಡಬೇಕು. ಮರಿ ಎರಡು ಕಾರಣಕ್ಕೆ ಬರುತ್ತದೆ. ವಿಶ್ರಾಂತಿಯ ಕಾಲದಲ್ಲೂ ಸಾರಜನಕದ ಗೊಬ್ಬರ, ನೀರು ಸಿಗುತ್ತಲೇ ಇದ್ದರೆ ಹೂವಾಗಬೇಕಾದ ಮೊಗ್ಗು ಎಲೆಯ ಕಡೆ ತಿರುಗಿ ಮರಿಯಾಗುತ್ತದೆ. ಇದು ವಿಶೇಷವಾಗಿ ಡೆಂಡ್ರೋಬಿಯಂ ನೋಬಿಲೆ ಬಗೆಯ ಗಿಡಗಳ ಸ್ವಭಾವ. ಇನ್ನೊಂದು, ಬೇರು ಕೊಳೆತು ತಾಯಿಗೆ ಉಳಿಗಾಲ ಕಡಿಮೆಯಾದಾಗ ಉಳಿದ ಶಕ್ತಿಯನ್ನೆಲ್ಲ ಮರಿಗೆ ಹಾಕುವುದು. ಫಲನಾಪ್ಸಿಸ್‌ನ ಸುಳಿ ಸತ್ತಾಗ ಹೂದಂಟಿನ ಮೇಲೆ ಮರಿ ಬರುವುದುಂಟು. ಆದ್ದರಿಂದ ಕುಂಡವನ್ನು ಬಗ್ಗಿಸಿ ಬೇರು ಗಟ್ಟಿಯೋ ಮೆತ್ತಗೋ ಎಂದು ಒತ್ತಿ ನೋಡಿ ತಿಳಿಯಬೇಕು. ಮೆತ್ತಗಿದ್ದರೆ ಹಳೆಯ ಸಿಪ್ಪೆ ತೆಗೆದು, ಕೊಳೆತ ಬೇರು ಕತ್ತರಿಸಿ, ಹೊಸ ಇದ್ದಿಲು ತುಂಬಿ ತಾಯಿಯನ್ನು ಮೊದಲು ಉಳಿಸಿಕೊಳ್ಳುವುದು. ತಾಯಿ ಬದುಕಿದ್ದಷ್ಟು ದಿನ ಮರಿಗೆ ಆಹಾರ ಅಲ್ಲಿಂದಲೇ.

ಎಲೆಗಳಲ್ಲಿ ಹಳದಿ ಪಟ್ಟೆ, ಮಚ್ಚೆ, ಹೂವಿನಲ್ಲಿ ಬಣ್ಣ ಒಡೆದ ಗೆರೆ ಕಂಡರೆ ವೈರಸ್ ಸಂಶಯ ಪಡಬೇಕು. ಸಿಂಬಿಡಿಯಂ ಮೊಸಾಯಿಕ್ ವೈರಸ್ ತಾಯಿಯಿಂದ ಮರಿಗೂ, ತೊಳೆಯದ ಬ್ಲೇಡಿನಿಂದ ಪಕ್ಕದ ಗಿಡಕ್ಕೂ ಹೋಗುತ್ತದೆ. ಇದಕ್ಕೆ ಔಷಧಿ ಇಲ್ಲ. ಅಂಥ ತಾಯಿಯ ಮರಿಯನ್ನು ಬೆಳೆಸದೆ, ಯಾರಿಗೂ ಕೊಡದೆ ಸುಟ್ಟುಬಿಡುವುದೇ ಮೇಲು, ಎಷ್ಟೇ ನೋವಾದರೂ.

ಆರೋಗ್ಯದ ಮರಿಯನ್ನು ಬಿಡಿಸುವ ಅವಸರ ಬೇಡ. ಎರಡು ಮೂರು ಎಲೆ, ಐದು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಮೂರು ನಾಲ್ಕು ಬೇರು ಬರಬೇಕು. ಪುಸ್ತಕಗಳು ಇಷ್ಟಕ್ಕೇ ನಿಲ್ಲುತ್ತವೆ. ಅರೆಮಲೆನಾಡಿನಲ್ಲಿ ಇನ್ನೊಂದು ಷರತ್ತು ಸೇರಿಸಬೇಕು: ಹವೆಯಲ್ಲಿ ತೇವ ಇರಬೇಕು. ಜನವರಿಯಲ್ಲೇ ಬೇರು ಬಲಿತ ಮರಿಯನ್ನು ಆಗಲೇ ಬಿಡಿಸಿದರೆ ಮುಂದಿನ ನಾಲ್ಕು ತಿಂಗಳ ಒಣಗಾಳಿಯನ್ನು ಅದು ಒಂಟಿಯಾಗಿ ಎದುರಿಸಬೇಕಾಗುತ್ತದೆ. ರೋಹಿಣಿ ಮಳೆಯ ಕೊನೆ, ಮಿರಗ ಮಳೆಯ ಮೊದಲು, ಅಂದರೆ ಜೂನ್ ಮೊದಲ ವಾರಗಳು ಪ್ರಶಸ್ತ. ಅಲ್ಲಿಯವರೆಗೆ ಮರಿಯ ಬೇರಿಗೆ ನೆನೆದ ತೆಂಗಿನ ನಾರನ್ನು ಸಡಿಲವಾಗಿ ಸುತ್ತಿ ದಿನವೂ ಬೆಳಿಗ್ಗೆ ನೀರು ಚಿಮುಕಿಸಬೇಕು. ದಂಟು ಬಾಗುವಂತಿದ್ದರೆ ಪಕ್ಕದಲ್ಲೊಂದು ಸಣ್ಣ ಕುಂಡವಿಟ್ಟು ಮರಿಯನ್ನು ಅದರೊಳಗೆ ಇಳಿಸಿ, ಬೇರು ಹಿಡಿದ ಮೇಲೆ ಕತ್ತರಿಸುವ ದಾರಿಯೂ ಇದೆ. ಹೊಸಬರಿಗೆ ಇದೇ ಹೆಚ್ಚು ಕ್ಷೇಮ.

ಬ್ಲೇಡನ್ನು ಬೆಂಕಿಯಲ್ಲಿ ಹಿಡಿದು, ಆರಿದ ಮೇಲೆ ಮರಿಯ ಬುಡಕ್ಕೆ ತಾಯಿಯ ದಂಟಿನ ಚೂರು ಅಂಟಿಕೊಂಡಿರುವಂತೆ ಕತ್ತರಿಸಬೇಕು. ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಬಹುದು. ಆದರೆ ಪುಡಿ ಬೇರಿಗೆ ತಾಗಿದರೆ ಬೇರು ಒಣಗುತ್ತದೆ. ಮೂರು ಇಂಚಿನ ಕುಂಡ ಸಾಕು, ದೊಡ್ಡ ಕುಂಡದಲ್ಲಿ ತೇವ ನಿಂತು ಕೊಳೆಯುತ್ತದೆ. ಮರಿ ಅಲುಗಾಡಿದರೆ ಎಳೆಯ ಬೇರಿನ ತುದಿ ಉಜ್ಜಿ ಹಾಳಾಗುವುದರಿಂದ ಕಡ್ಡಿ ಕೊಟ್ಟು ಕಟ್ಟಬೇಕು. ಎರಡು ಮೂರು ವಾರ ಗೊಬ್ಬರವಿಲ್ಲದೆ, ದಟ್ಟ ನೆರಳಲ್ಲಿಟ್ಟು, ಹೊಸ ಬೇರಿನ ಹಸಿರು ತುದಿ ಕಂಡ ಮೇಲೆ ಬೆಳಕು ಹೆಚ್ಚಿಸುವುದು.

ಬೀಜದಿಂದ ಆರ್ಕಿಡ್ ಬೆಳೆಸುವುದು ಮನೆಯಲ್ಲಿ ಆಗದ ಮಾತು. ಧೂಳಿನಷ್ಟು ಸಣ್ಣ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರವೇ ಇರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಅದಕ್ಕೆ ಉಣಿಸುತ್ತದೆ. ಶಿಲೀಂಧ್ರವಿಲ್ಲದೆಯೂ ಸಕ್ಕರೆ ಬೆರೆತ ಮಾಧ್ಯಮದಲ್ಲಿ ಬೀಜ ಮೊಳೆಸಬಹುದೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದರು, ಆದರೆ ಅದಕ್ಕೆ ಪ್ರಯೋಗಾಲಯದ ಶುದ್ಧತೆ ಬೇಕು. ಮನೆಯವರಿಗೆ ಮರಿಯ ಹೊರತಾಗಿ ಉಳಿಯುವ ಇನ್ನೊಂದು ದಾರಿ, ಎಲೆ ಉದುರಿದ ಹಳೆಯ ಡೆಂಡ್ರೋಬಿಯಂ ದಂಟನ್ನು ಗಿಣ್ಣಿಗೊಂದರಂತೆ ತುಂಡು ಮಾಡಿ ಒದ್ದೆ ಪಾಚಿಯ ಮೇಲೆ ನೆರಳಲ್ಲಿ ಮಲಗಿಸುವುದು. ಕೆಲವು ಗಿಣ್ಣುಗಳಿಂದ ಮರಿ ಏಳುತ್ತದೆ. ಹೀಗೆ ಬಂದದ್ದಿರಲಿ, ತಾಯಿಯಿಂದ ಬಿಡಿಸಿದ್ದಿರಲಿ, ಮರಿ ಹೂ ಬಿಡಲು ಸಾಮಾನ್ಯವಾಗಿ ಎರಡು ಮೂರು ವರ್ಷ ಹಿಡಿಯುತ್ತದೆ.