ಸೂಜಿ ಉದುರಿಸುವ ಮರಗಳು: ಒಂದು ಪ್ರಶ್ನೆ ಬೆಳೆದ ಬಗೆ

ರಷ್ಯಾದ ಕಾಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನೆಲ ಹಿಡಿದಿರುವುದು ಲಾರ್ಚ್. ಇದು ಪೈನ್, ಸ್ಪ್ರೂಸ್, ಫರ್‌ಗಳ ಕುಟುಂಬಕ್ಕೇ ಸೇರಿದ ಕೋನಿಫರ್. ಬಂಧುಗಳೆಲ್ಲ ಹಿಮದಲ್ಲೂ ಹಸಿರಾಗಿ ನಿಂತಿರುವಾಗ ಲಾರ್ಚ್ ಮಾತ್ರ ಶರತ್ಕಾಲದಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿ, ಸೂಜಿಯೆಲೆಗಳನ್ನೆಲ್ಲ ಉದುರಿಸಿ ಬೋಳಾಗುತ್ತದೆ. ಉತ್ತರ ಗೋಳಾರ್ಧದಲ್ಲಿ ಇದರ ಹತ್ತು-ಹನ್ನೆರಡು ಪ್ರಭೇದಗಳಿವೆ. ಅವುಗಳಲ್ಲೊಂದು ಸಿಕ್ಕಿಂನ ಹಿಮಾಲಯದಲ್ಲಿ ಬೆಳೆಯುತ್ತದೆ. ಲಾರ್ಚ್ ಬಿಟ್ಟರೆ ಚೀನಾದ ಮೆಟಾಸಿಕೋಯಾ ಮತ್ತು ಸುವರ್ಣ ಲಾರ್ಚ್, ಅಮೆರಿಕದ ಜೌಗುಗಳ ಬಾಲ್ಡ್ ಸೈಪ್ರೆಸ್‌ನಂಥ ಕೆಲವೇ ಕೋನಿಫರ್‌ಗಳಿಗೆ ಈ ಗುಣವಿದೆ.

ಕಾರಣವೇನೆಂದು ಕೇಳಿದರೆ ಬಹುಕಾಲ ಸಿಗುತ್ತಿದ್ದ ಉತ್ತರ ಒಂದೇ: ಚಳಿ. ನೆಲ ಹೆಪ್ಪುಗಟ್ಟಿದಾಗ ಬೇರಿಗೆ ನೀರು ದಕ್ಕುವುದಿಲ್ಲ; ಮೇಲೆ ಬಿಸಿಲು, ಗಾಳಿ ಎರಡೂ ಸೂಜಿಯ ತೇವವನ್ನು ಹೀರುತ್ತಲೇ ಇರುತ್ತವೆ. ಬೆಟ್ಟಗಳಲ್ಲಿ ಮರ ಬೆಳೆಯಬಲ್ಲ ಮೇಲಿನ ಗಡಿಯಲ್ಲಿ ಈ ಚಳಿಗಾಲದ ಒಣಗುವಿಕೆ ಎಷ್ಟು ಮಾರಕವೆಂಬುದನ್ನು ಆಸ್ಟ್ರಿಯದ ವಾಲ್ಟರ್ ಟ್ರಾಂಕ್ವಿಲ್ಲಿನಿ ಆಲ್ಪ್ಸ್‌ನಲ್ಲಿ ವರ್ಷಗಟ್ಟಲೆ ಅಳೆದು, 1979ರ ತಮ್ಮ ಪುಸ್ತಕದಲ್ಲಿ ಒಟ್ಟುಗೂಡಿಸಿದರು. ಎಲೆಯೇ ಇಲ್ಲದ ಮರಕ್ಕೆ ಈ ಭಯ ಕಡಿಮೆ.

ಚಳಿಯ ಉತ್ತರ ಸುಳ್ಳಲ್ಲ, ಆದರೆ ಅದೊಂದೇ ಸಾಲದು. ಕೆನಡಾದ ಜೌಗುಗಳಲ್ಲಿ ಟ್ಯಾಮರ್ಯಾಕ್ ಎಂಬ ಲಾರ್ಚೂ ಕಪ್ಪು ಸ್ಪ್ರೂಸೂ ಅಕ್ಕಪಕ್ಕದಲ್ಲೇ ಬೆಳೆಯುತ್ತವೆ. ಎರಡಕ್ಕೂ ಅದೇ ಚಳಿ, ಅದೇ ಬಡ ನೆಲ. ಒಂದು ಪ್ರತಿವರ್ಷ ಸೂಜಿ ಬದಲಿಸುತ್ತದೆ, ಇನ್ನೊಂದು ಅದೇ ಸೂಜಿಗಳನ್ನು ಹಲವಾರು ವರ್ಷ ಉಳಿಸಿಕೊಳ್ಳುತ್ತದೆ. ಅತ್ತ ಬಾಲ್ಡ್ ಸೈಪ್ರೆಸ್ ಲೂಯಿಸಿಯಾನಾದ ಬೆಚ್ಚನೆಯ ನೀರಿನಲ್ಲಿ ನಿಂತೂ ಬೋಳಾಗುತ್ತದೆ.

ಪ್ರಶ್ನೆಗೆ ಹೊಸ ದಾರಿ ತೆರೆದದ್ದು ಎಲೆಯ ಆಯವ್ಯಯದ ಲೆಕ್ಕ. 1966ರಲ್ಲಿ ಕಾರ್ಲ್ ಮಂಕ್ ನಿತ್ಯಹಸಿರನ್ನು ಪೋಷಕಾಂಶದ ಉಳಿತಾಯವೆಂದು ಕಂಡರು: ಬಡ ನೆಲದಲ್ಲಿ ಪ್ರತಿವರ್ಷ ಎಲೆ ಚೆಲ್ಲುವುದು ಮರಕ್ಕೆ ದುಬಾರಿ. 1982ರಲ್ಲಿ ಬ್ರಯನ್ ಚಾಬಟ್ ಮತ್ತು ಡೇವಿಡ್ ಹಿಕ್ಸ್ ಇದನ್ನು ಸಮಗ್ರ ವಾದವಾಗಿ ಬೆಳೆಸಿದರು. ಎಲೆ ಕಟ್ಟಲು ಖರ್ಚಿದೆ. ಅದು ಬದುಕಿರುವಷ್ಟು ದಿನ ಇಂಗಾಲ ಗಳಿಸಿ ಆ ಖರ್ಚನ್ನು ತೀರಿಸಬೇಕು. ಜಪಾನಿನ ಕಿಹಾಚಿರೊ ಕಿಕುಜಾವಾ 1991ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು. ನಿತ್ಯಹಸಿರು ಮರಗಳು ಉಷ್ಣವಲಯದಲ್ಲೂ ದೂರದ ಉತ್ತರದಲ್ಲೂ ಹೆಚ್ಚು, ನಡುವೆ ಕಡಿಮೆ ಏಕೆಂಬುದು ಆ ಲೆಕ್ಕದಿಂದಲೇ ಹೊರಬಂತು. ಬೆಳವಣಿಗೆಗೆ ಒಗ್ಗದ ಕಾಲ ಹಿಮದ್ದಾದರೂ ಬರದ್ದಾದರೂ ತರ್ಕ ಒಂದೇ. ಬೇಸಿಗೆಯಲ್ಲಿ ಬೋಳಾಗುವ ನಮ್ಮ ಬಂಡೀಪುರದ ತೇಗವೂ ಅದರೊಳಗೆ ಬರುತ್ತದೆ.

ಲಾರ್ಚನ್ನೇ ಕೇಂದ್ರದಲ್ಲಿಟ್ಟು 1990ರಲ್ಲಿ ಬರೆದವರು ಸ್ಟಿತ್ ಗೋವರ್ ಮತ್ತು ಜೇಮ್ಸ್ ರಿಚರ್ಡ್ಸ್. ಈ ಕ್ಷೇತ್ರಕ್ಕೆ ಹೊಸಬರಾದವರು ಮೊದಲು ಓದಬೇಕಾದ್ದು ಅವರ ಲೇಖನವೆಂದು ನನ್ನ ಅಭಿಪ್ರಾಯ. ಲಾರ್ಚ್ ಸೂಜಿ ತೆಳು, ಮೆದು. ಅದನ್ನು ಕಟ್ಟಲು ತಗಲುವ ಇಂಗಾಲ ಕಡಿಮೆ, ತೂಕಕ್ಕೆ ಹೋಲಿಸಿದರೆ ಗಳಿಕೆ ಹೆಚ್ಚು. ಉದುರುವ ಮುನ್ನ ಮರ ಅದರೊಳಗಿನ ಸಾರಜನಕದ ಬಹುಪಾಲನ್ನು ಕೊಂಬೆಗೆ ಹಿಂದಕ್ಕೆಳೆದುಕೊಳ್ಳುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಇದೇ: ಲಾರ್ಚಿನ ಗುಟ್ಟಿರುವುದು ಎಲೆ ಉದುರಿಸುವುದರಲ್ಲಲ್ಲ, ಎಲೆಯನ್ನು ಅಗ್ಗವಾಗಿ ಕಟ್ಟುವುದರಲ್ಲಿ. ಸ್ವಿಟ್ಜರ್ಲೆಂಡಿನ ಎಂಗಡೀನ್ ಕಣಿವೆಯಲ್ಲಿ ಎಂಟು-ಹತ್ತು ವರ್ಷಕ್ಕೊಮ್ಮೆ ಒಂದು ಪತಂಗದ ಹುಳುಗಳು ಲಾರ್ಚ್ ಕಾಡನ್ನು ಬೋಳು ಮಾಡುತ್ತಿದ್ದವು. ಮರಗಳು ಅದೇ ಬೇಸಿಗೆಯಲ್ಲಿ ಮತ್ತೆ ಚಿಗುರುತ್ತಿದ್ದವು. ಅನೇಕ ವರ್ಷಗಳ ಸೂಜಿ ಹೊತ್ತ ಸ್ಪ್ರೂಸ್‌ಗೆ ಅಂಥ ನಷ್ಟವನ್ನು ತುಂಬಿಕೊಳ್ಳುವುದು ಕಷ್ಟ. ಅಗ್ಗದ ಎಲೆ ಬೇಗ ಹೋಗುತ್ತದೆ, ಗಟ್ಟಿ ಎಲೆ ಬಾಳುತ್ತದೆ ಎಂಬ ಈ ನಂಟು ಲಾರ್ಚಿಗಷ್ಟೇ ಸೀಮಿತವಲ್ಲ. 2004ರಲ್ಲಿ ಇಯನ್ ರೈಟ್ ಮತ್ತು ಸಂಗಡಿಗರು 2548 ಸಸ್ಯ ಪ್ರಭೇದಗಳಲ್ಲಿ ಅದನ್ನು ತೋರಿಸಿಕೊಟ್ಟರು.

ಪಳೆಯುಳಿಕೆಗಳು ಎತ್ತಿದ ಪ್ರಶ್ನೆ ಬೇರೆ. ಕೆನಡಾದ ಉತ್ತರ ತುದಿಯ ಆಕ್ಸೆಲ್ ಹೈಬರ್ಗ್ ದ್ವೀಪದಲ್ಲಿ ಸುಮಾರು 4.5 ಕೋಟಿ ವರ್ಷ ಹಳೆಯ ಕಾಡಿನ ಬುಡಗಳು ಕಲ್ಲಾಗದೆ ಮರವಾಗಿಯೇ ಉಳಿದಿವೆ. ಅಲ್ಲಿ ಮೆಟಾಸಿಕೋಯಾ ಇತ್ತು, ಲಾರ್ಚೂ ಇತ್ತು. ಆಗ ಧ್ರುವ ಬೆಚ್ಚಗಿತ್ತು, ಆದರೆ ಚಳಿಗಾಲ ತಿಂಗಳುಗಟ್ಟಲೆ ಕತ್ತಲು. ಕತ್ತಲಲ್ಲಿ ಎಲೆ ಸುಮ್ಮನೆ ಉಸಿರಾಡಿ ಇಂಗಾಲ ಕಳೆಯುತ್ತದೆ, ಅದಕ್ಕೇ ಮರಗಳು ಉದುರಿಸಲು ಕಲಿತವು ಎಂಬುದು ದಶಕಗಳ ನಂಬಿಕೆಯಾಗಿತ್ತು. ಡಾನಾ ರಾಯರ್, ಕಾಲಿನ್ ಆಸ್ಬರ್ನ್, ಡೇವಿಡ್ ಬೀರ್ಲಿಂಗ್ ಧ್ರುವದ ಬೆಳಕನ್ನೇ ಅನುಕರಿಸಿದ ಕೋಣೆಗಳಲ್ಲಿ ಮರಗಳನ್ನು ಬೆಳೆಸಿ ನೋಡಿದರು. 2003ರ ಅವರ ಫಲಿತಾಂಶ ಆ ನಂಬಿಕೆಯನ್ನು ತಲೆಕೆಳಗು ಮಾಡಿತು: ಕತ್ತಲಲ್ಲಿ ಎಲೆ ಉಳಿಸಿಕೊಂಡವಕ್ಕಿಂತ ಎಲೆ ಉದುರಿಸಿದವೇ ಹೆಚ್ಚು ಇಂಗಾಲ ಕಳೆದುಕೊಂಡವು.

ಹಾಗಾದರೆ ಎಲ್ಲ ಕೋನಿಫರ್‌ಗಳಿಗೂ ಒಂದೇ ಕಾರಣ ಹುಡುಕುವುದೇ ತಪ್ಪು ದಾರಿಯೇನೋ. ಡಿಎನ್‌ಎ ಹೋಲಿಕೆಯಲ್ಲಿ ಲಾರ್ಚಿನ ಅತಿ ಹತ್ತಿರದ ಬಂಧು ನಿತ್ಯಹಸಿರಿನ ಡಗ್ಲಸ್ ಫರ್. ಸುವರ್ಣ ಲಾರ್ಚ್ ಅದೇ ಕುಟುಂಬದ ಬೇರೊಂದು ಕವಲಿನದು. ಮೆಟಾಸಿಕೋಯಾ, ಬಾಲ್ಡ್ ಸೈಪ್ರೆಸ್‌ಗಳು ಸೈಪ್ರೆಸ್ ಕುಟುಂಬದವು. ಈ ಗುಣ ಬೇರೆ ಬೇರೆ ಕವಲುಗಳಲ್ಲಿ ಬೇರೆ ಬೇರೆಯಾಗಿಯೇ ಬಂದಿರಬೇಕು.

ಈಗ ಸಂಶೋಧಕರ ಕಣ್ಣು ರಷ್ಯಾದ ಲಾರ್ಚ್ ನೆಲವಾದ ಸೈಬೀರಿಯಾದ ಮೇಲಿದೆ. ಹವೆ ಬೆಚ್ಚಗಾದಂತೆ ನಿತ್ಯಹಸಿರಿನ ಕೋನಿಫರ್‌ಗಳು ಲಾರ್ಚ್ ಕಾಡಿನೊಳಗೆ ನುಗ್ಗುತ್ತಿರುವುದನ್ನು ರಷ್ಯಾದ ವಿಜ್ಞಾನಿಗಳು ದಾಖಲಿಸಿದ್ದಾರೆ. ಬೋಳು ಲಾರ್ಚಿನ ಕೆಳಗೆ ಹಿಮದ ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ನಿತ್ಯಹಸಿರಿನ ಕಡುಗಪ್ಪು ಮೇಲ್ಛಾವಣಿ ಅದನ್ನು ಹೀರಿಕೊಂಡು ನೆಲವನ್ನು ಇನ್ನಷ್ಟು ಕಾಯಿಸುತ್ತದೆ. ಜಾಕ್ವೆಲಿನ್ ಶುಮನ್ ಮತ್ತು ಸಂಗಡಿಗರು 2011ರಲ್ಲಿ ಮಾದರಿಗಳ ಮೂಲಕ ಎಚ್ಚರಿಸಿದ್ದು ಇದನ್ನೇ. ಹವಾಮಾನದ ಲೆಕ್ಕ ಹಾಕುವವರು ಉತ್ತರದ ಕಾಡಿನ ವಿಸ್ತೀರ್ಣವನ್ನಷ್ಟೇ ಬರೆದುಕೊಂಡರೆ ಸಾಲದು; ಅದು ಸೂಜಿ ಉದುರಿಸುವ ಕಾಡೋ ಉಳಿಸಿಕೊಳ್ಳುವ ಕಾಡೋ ಎಂಬುದನ್ನೂ ಬರೆದುಕೊಳ್ಳಬೇಕು.